ಕ್ಯಾಂಡಿಡೇಟ್ ನಮ್ಮೂರಿಗೆ ಬಂದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ, ಲೋಕಸಭಾ ಚುನಾವಣೆ ಪ್ರಚಾರಕ್ಕೆ ಅಂತ ಮೈಸೂರು–ಕೊಡಗು ಕ್ಷೇತ್ರದ ಅಭ್ಯರ್ಥಿಗಳ ಜೊತೆ ಕೊಡಗು ಸುತ್ತಿದ ನೆನಪನ್ನ ಎರಡು ಪುಟ ಬರೆದಿದ್ದೆ. ಪ್ರಶ್ನೆ ಇದ್ರೆ ಕಳಿಸಿ ಅಂತ ಕೊನೇಲಿ ಒಂದು ಸಾಲು ಹಾಕಿದ್ದಕ್ಕೆ ಕುಟ್ಟದಿಂದ ಹಿಡಿದು ಕೊಡ್ಲಿಪೇಟೆ ತನಕ ಎಲ್ಲಾ ಕಡೆಯಿಂದ ಕಾಗದ, ವಾಟ್ಸಾಪ್ ಬಂದಿದೆ, ತುಂಬಾ ಖುಷಿ ಆಯ್ತು. ನನ್ನ ಕೆಲಸ ಟೂರ್ ಪ್ರೋಗ್ರಾಮ್ ನೋಡ್ಕೊಳ್ಳೋದು, ಅಂದ್ರೆ ಯಾವ ಊರಿಗೆ ಎಷ್ಟು ಗಂಟೆಗೆ, ಯಾರ ಮನೇಲಿ ತಿಂಡಿ, ಜೀಪ್ ಎಲ್ಲಿ ತನಕ ಹೋಗತ್ತೆ ಎಲ್ಲಿಂದ ನಡೀಬೇಕು, ಇಷ್ಟೇ. ಮೂರು ಚುನಾವಣೇಲಿ ಮಾಡಿದ್ದೀನಿ. ಯಾವ ಪಕ್ಷ ಅಂತ ಸುಮಾರು ಜನ ಕೇಳಿದ್ದೀರಿ, ಅದನ್ನ ಬರೆಯಲ್ಲ, ಬರೆದ್ರೆ ಉಳಿದ ಮಾತೆಲ್ಲ ಆ ಪಕ್ಷದ ಲೆಕ್ಕಕ್ಕೆ ಹೋಗಿಬಿಡತ್ತೆ.

ಪ್ರಚಾರದ ಟೈಮಲ್ಲಿ ಕ್ಯಾಂಡಿಡೇಟ್ ಬೆಳಿಗ್ಗೆಯಿಂದ ರಾತ್ರಿ ತನಕ ಏನೇನ್ ಮಾಡ್ತಾರೆ ಸರ್? ನಾವು ನೋಡೋದು ಕೈ ಮುಗಿಯೋದು ಮಾತ್ರ. (ಡಿಗ್ರಿ ವಿದ್ಯಾರ್ಥಿನಿ, ಗೋಣಿಕೊಪ್ಪ)

ಕೈ ಮುಗಿಯೋಕೆ ಮುಂಚೆ ಸುಮಾರು ಕೆಲಸ ಆಗಿರತ್ತಮ್ಮ. ನಾಲ್ಕೂವರೆಗೆ ಏಳ್ತಾರೆ. ಉಳ್ಕೊಳ್ಳೋದು ಹೋಟೆಲಲ್ಲಿ ಕಮ್ಮಿ, ಕಾರ್ಯಕರ್ತರ ಮನೇಲೇ ಜಾಸ್ತಿ, ಯಾಕಂದ್ರೆ ಬೆಳಿಗ್ಗೆ ಆರೂವರೆಗೆ ತೋಟದ ಲೈನ್‌ಮನೆ, ಅಂದ್ರೆ ಕೆಲಸದವರ ಸಾಲುಮನೆ, ಅದರ ಹತ್ರ ಇರ್ಬೇಕು, ಏಳೂವರೆಗೆ ಪಿಕಪ್ ಬಂದು ಕೆಲಸದವರನ್ನ ಹತ್ತಿಸ್ಕೊಂಡು ಹೋದ್ರೆ ಮತ್ತೆ ಸಂಜೆ ತನಕ ಒಬ್ಬರೂ ಸಿಗಲ್ಲ. ಆ ಒಂದು ಗಂಟೇಲೂ ಜನ ಖಾಲಿ ಇರಲ್ಲ. ಒಬ್ರು ಬಚ್ಚಲ ಒಲೆಗೆ ಸೌದೆ ತುಂಬ್ತಿರ್ತಾರೆ, ಒಬ್ರು ಮಗೂನ ಅಂಗನವಾಡಿಗೆ ರೆಡಿ ಮಾಡ್ತಿರ್ತಾರೆ, ಹೆಂಗಸರು ಸೊಂಟಕ್ಕೆ ಗೋಣಿಚೀಲ ಕಟ್ಕೊಂಡು ಕತ್ತಿ ಹುಡುಕ್ತಿರ್ತಾರೆ. 2014ರಲ್ಲಿ ಸಿದ್ದಾಪುರದ ಕಡೆ ಒಂದು ಲೈನಿಗೆ ಹೋಗಿದ್ವಿ, ನಮ್ಮ ಅಭ್ಯರ್ಥಿ ಎರಡು ನಿಮಿಷ ಮಾತಾಡಿ ಏನಾದ್ರೂ ತೊಂದರೆ ಇದ್ಯಾ ಅಂತ ಕೇಳಿದ್ರು, ಯಾರೂ ಬಾಯಿ ಬಿಡಲಿಲ್ಲ, ಯಾಕಂದ್ರೆ ಪಕ್ಕದಲ್ಲೇ ತೋಟದ ಲೆಕ್ಕ ಬರೆಯೋ ರೈಟರ್ ನಿಂತಿದ್ರು. ಆಗ ಯರವ ಬುಡಕಟ್ಟಿನ ಹೆಂಗಸು ಒಬ್ರು, ಐವತ್ತು ದಾಟಿರ್ಬೇಕು, ಬಂದು ಲೈನಿನ ಕೊನೇಲಿದ್ದ ನಲ್ಲಿ ಹತ್ರ ಹೋಗಿ ಅದನ್ನ ಪೂರ್ತಿ ತಿರುಗಿಸಿದ್ರು. ಒಂದು ಹನಿ ಬರಲಿಲ್ಲ. ವಾಪಸ್ ತಿರುಗಿಸಿ, ಬುತ್ತಿ ಡಬ್ಬ ಎತ್ಕೊಂಡು ಪಿಕಪ್ ಹತ್ತಿದ್ರು, ಒಂದೇ ಒಂದು ಮಾತಾಡಲಿಲ್ಲ. ಅಭ್ಯರ್ಥಿ ನನ್ನ ಕಡೆ ತಿರುಗಿ ಡೈರೀಲಿ ಬರ್ಕೋ ಅಂದ್ರು, ಬರ್ಕೊಂಡೆ.

ಎಂಟರ ಮೇಲೆ ಪೇಟೆ. ಬಸ್‌ಸ್ಟ್ಯಾಂಡ್, ಆಟೋ ಸ್ಟ್ಯಾಂಡ್, ಸಂತೆ ದಿನ ಆದ್ರೆ ಸಂತೆ, ಶುಕ್ರವಾರ ಮಡಿಕೇರಿ, ಭಾನುವಾರ ನಿಮ್ಮ ಗೋಣಿಕೊಪ್ಪ, ಹಂಗೆ. ಹನ್ನೊಂದಕ್ಕೆ ಪತ್ರಿಕಾಗೋಷ್ಠಿ. ಆಮೇಲೆ ಸಮಾಜಗಳು, ಸಂಘಗಳು, ಬೆಳೆಗಾರರ ಮೀಟಿಂಗು. ಊಟ ಎರಡೂವರೆ ಮೂರಕ್ಕೆ ಗಾಡೀಲೇ, ಮೊಸರನ್ನ ಇಲ್ಲಾಂದ್ರೆ ಎರಡು ಬಾಳೆಹಣ್ಣು, ಯಾರಾದ್ರೂ ಮನೆಗೆ ಕರೆದು ಕಡಂಬಿಟ್ಟು ಬಡಿಸಿದ್ರೆ ಅವತ್ತಿನ ಪುಣ್ಯ. ಗಂಟಲು ಮೂರನೇ ದಿನಕ್ಕೇ ಹೋಗತ್ತೆ, ಬಿಸಿನೀರಿಗೆ ಮೆಣಸು ಜಜ್ಜಿ ಹಾಕಿ ಜೇನು ಕಲಸಿ ಫ್ಲಾಸ್ಕಲ್ಲಿ ಇಟ್ಕೊಂಡಿರ್ತಿದ್ವಿ. ಮಧ್ಯಾಹ್ನದಿಂದ ಹಳ್ಳಿ ಸಭೆಗಳು, ರಾತ್ರಿ ಹತ್ತಕ್ಕೆ ಮೈಕ್ ಬಂದ್, ಅದು ರೂಲ್ಸು. ಅಲ್ಲಿಗೆ ಜನ ನೋಡೋ ಭಾಗ ಮುಗೀತು, ಆದ್ರೆ ಅಭ್ಯರ್ಥಿ ಮಲಗಲ್ಲ, ಹತ್ತರಿಂದ ಹನ್ನೊಂದೂವರೆ ಬೂತ್‌ನವರ ಜೊತೆ ಕೂರಬೇಕು, ಮೈಸೂರಿಂದ ಫೋನ್ ಮೇಲೆ ಫೋನ್, ಆಮೇಲೆ ಲೆಕ್ಕದವರು ಬಿಲ್ಲು ಹಿಡ್ಕೊಂಡು ಬರ್ತಾರೆ. ಮಲಗೋದು ಒಂದು ಗಂಟೆಗೆ. ಮೂರು ವಾರ ಹೀಗೇ.

ಹೋದ ಸಲ ಸಂಜೆ ಆರಕ್ಕೆ ಬರ್ತೀವಿ ಅಂತ ಹೇಳಿ ನಮ್ಮೂರಿಗೆ ಬರಲೇ ಇಲ್ಲ. ಕುರ್ಚಿ ಹಾಕಿ ಕಾದಿದ್ವಿ. ಇದು ಸರೀನಾ? (ಮಾಲ್ದಾರೆ)

ಸರಿ ಅಲ್ಲ. ಆದ್ರೆ ಆರು ಗಂಟೆ ಅಂತ ಟೈಮ್ ಕೊಟ್ಟೋರೇ ಮೊದಲ ತಪ್ಪು ಮಾಡಿದ್ದು, ಆ ತಪ್ಪನ್ನ ನಾನೂ ಒಂದು ಸಲ ಮಾಡಿದ್ದೀನಿ. ಮೈಸೂರಲ್ಲಿ ಕೂತು ಪ್ರೋಗ್ರಾಮ್ ಹಾಕೋರಿಗೆ ಸಂಜೆ ಆರು ಅಂದ್ರೆ ಜನ ಸೇರೋ ಹೊತ್ತು, ನಮಗೆ ಅದು ಆನೆ ರಸ್ತೆಗೆ ಇಳಿಯೋ ಹೊತ್ತು. ನಾವು ಘಟ್ಟದಳ್ಳದ ಕಡೆಯಿಂದ ಬರ್ತಿದ್ವಿ, ಮುಂದಿನ ಜೀಪ್ ನಿಂತ್ಕೊಂಡ್ತು, ಡ್ರೈವರ್ ಏನೂ ಹೇಳದೆ ಲೈಟ್ ಡಿಮ್ ಮಾಡಿ ಕೈ ಹೊರಗೆ ಹಾಕಿ ಹಿಂದಕ್ಕೆ ಅಂತ ಸನ್ನೆ ಮಾಡಿದ. ತೋಟದ ಬೇಲಿ ಪಕ್ಕ ಎರಡು ದೊಡ್ಡದು, ಒಂದು ಮರಿ. ಮೈಕಲ್ಲಿ ಹಾಡು ಓಡ್ತಿತ್ತು, ಆಫ್ ಮಾಡೋಕೆ ಹೋದ ಹುಡುಗನ ಕೈ ನಡುಗ್ತಿತ್ತು. ನಲವತ್ತು ನಿಮಿಷ ಉಸಿರು ಬಿಗಿ ಹಿಡ್ಕೊಂಡು ಕೂತಿದ್ವಿ. ಊರು ಮುಟ್ಟಿದಾಗ ಕುರ್ಚಿ ಮಾತ್ರ ಇತ್ತು, ಜನ ಎದ್ದು ಹೋಗಿದ್ರು, ಅವರೂ ಮನೆ ಸೇರ್ಕೋಬೇಕಲ್ಲ, ಅವರು ಹೋಗೋದು ನಡ್ಕೊಂಡು.

ಅವತ್ತಿಂದ ನಾನು ಮಾಲ್ದಾರೆ, ಸಿದ್ದಾಪುರ, ತಿತಿಮತಿ, ಬಾಳೆಲೆ ಕಡೆ ನಾಲ್ಕರ ಮೇಲೆ ಸಭೆ ಹಾಕಿಲ್ಲ. ಮುಂದಿನ ಸಲ ಯಾರಾದ್ರೂ ನಿಮಗೆ ಸಂಜೆ ಆರು ಅಂದ್ರೆ ಆಗಲ್ಲ ಅಂತ ಮುಖಕ್ಕೇ ಹೇಳಿ. ಆನೆ ಇರೋ ಊರಲ್ಲಿ ಸಭೆ ಎಷ್ಟೊತ್ತಿಗೆ ಮಾಡ್ಬೇಕು ಅಂತ ಗೊತ್ತಿಲ್ಲದೋರು, ಆನೆ ಸಮಸ್ಯೆ ಬಗ್ಗೆ ದೆಹಲೀಲಿ ಏನು ಮಾತಾಡ್ತಾರೆ?

ಗಾಡಿ ಸಾಲು ಉದ್ದ ಇದ್ರೆ ದೂರು ಕೊಡಬಹುದಾ? (ಸಂಪಾಜೆ)

ಕೊಡಬಹುದು. ಸೆಕ್ಯುರಿಟಿ ಗಾಡಿ ಬಿಟ್ಟು ಒಂದು ಸಾಲಲ್ಲಿ ಹತ್ತಕ್ಕಿಂತ ಜಾಸ್ತಿ ಇರಬಾರದು, ಇದ್ರೆ ಮಧ್ಯ ಅಂತರ ಬಿಡ್ಬೇಕು. ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಲ್ಲಿ ಫೋಟೋ ಹಾಕಿದ್ರೆ 100 ನಿಮಿಷದೊಳಗೆ ಕ್ರಮ ಆಗ್ಬೇಕು ಅಂತ ಇದೆ.

ಅಭ್ಯರ್ಥಿ ಖರ್ಚಿಗೆ 95 ಲಕ್ಷ ಲಿಮಿಟ್ ಅಂತಾರೆ. ನಮ್ಮ ಅಂಗಡಿ ಟೀ ಕೂಡ ಅದಕ್ಕೆ ಸೇರತ್ತಾ? (ಬೇಕರಿ ಮಾಲೀಕರು, ಕುಶಾಲನಗರ)

ಸೇರತ್ತೆ. 2022ಕ್ಕೆ ಮುಂಚೆ ನಮ್ಮ ರಾಜ್ಯದಲ್ಲಿ ಲೋಕಸಭೆಗೆ 70 ಲಕ್ಷ ಇತ್ತು, ಈಗ 95. ಅಭ್ಯರ್ಥಿ ನಾಮಪತ್ರ ಹಾಕೋಕೆ ಕನಿಷ್ಠ ಒಂದು ದಿನ ಮುಂಚೆ ಬೇರೆ ಬ್ಯಾಂಕ್ ಖಾತೆ ತೆಗೀಬೇಕು, ಎಲ್ಲಾ ಖರ್ಚು ಅದರಿಂದಾನೇ. ಟೀಗೆ ಇಷ್ಟು, ಊಟಕ್ಕೆ ಇಷ್ಟು, ಕುರ್ಚಿ ಬಾಡಿಗೆ ಇಷ್ಟು, ಜೀಪಿಗೆ ದಿನಕ್ಕೆ ಇಷ್ಟು ಅಂತ ಜಿಲ್ಲಾಡಳಿತ ಒಂದು ದರಪಟ್ಟಿ ಮಾಡಿರತ್ತೆ, ನಾವು ಬಿಲ್ಲಲ್ಲಿ ಕಮ್ಮಿ ತೋರಿಸಿದ್ರೂ ಅವರು ವಿಡಿಯೋದಲ್ಲಿ ಕುರ್ಚಿ ಎಣಿಸಿ ಅವರ ರೇಟಲ್ಲಿ ಲೆಕ್ಕ ಹಾಕ್ತಾರೆ. ಆಯೋಗದ ಕಡೆಯವರೂ ಬೇರೆ ಒಂದು ರಿಜಿಸ್ಟರ್ ಇಟ್ಟಿರ್ತಾರೆ, ಎರಡೂ ತಾಳೆ ಆಗ್ಬೇಕು. ರಿಸಲ್ಟ್ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಕೊಡಬೇಕು, ಗೆದ್ದೋರೂ, ಸೋತೋರೂ.

ಮನೆಗೆ ಬಂದೋರಿಗೆ ಒಂದು ಲೋಟ ಕಾಫಿ ಕೊಟ್ಟಿದ್ದನ್ನ ಯಾರೂ ಬರ್ಕೊಳ್ಳಲ್ಲ, ಕೊಡಗಲ್ಲಿ ಕಾಫಿ ಕೊಡದೆ ಕಳಿಸೋ ಮನೆ ಇದ್ಯಾ ಹೇಳಿ. ಆದ್ರೆ ಶಾಮಿಯಾನ ಹಾಕಿ ನೂರು ಜನಕ್ಕೆ ಬಿರಿಯಾನಿ ಬಡಿಸಿದ್ರೆ ಅದು ಬೇರೆ ಮಾತು. ನಿಮಗೆ ನನ್ನ ಸಲಹೆ ಒಂದೇ, ಟೀ ಬನ್ನು ಸಾಲ ಕೊಡಬೇಡಿ, ಬಿಲ್ ಕೊಡಿ, ಮೊತ್ತ 10,000 ದಾಟಿದ್ರೆ ಚೆಕ್ಕೋ ಬ್ಯಾಂಕ್ ಟ್ರಾನ್ಸ್‌ಫರೋ ಕೇಳಿ. ಚುನಾವಣೆ ಮುಗಿದ ಮೇಲೆ ಸಾಲ ವಸೂಲಿಗೆ ಅಲೆದು ಅಲೆದು ಸಾಕಾದ ಸಣ್ಣ ಹೋಟೆಲ್‌ನೋರನ್ನ ನಾನು ಕಣ್ಣಾರೆ ನೋಡಿದ್ದೀನಿ, ಅವರ ಎದುರು ನಿಲ್ಲೋಕೆ ಇವತ್ತಿಗೂ ನನಗೆ ಮುಖ ಇಲ್ಲ.

ಕೊಡಗಿಗೇ ಅಂತ ಒಬ್ಬ ಎಂಪಿ ಇದ್ದ ಕಾಲ ಒಂದಿತ್ತು ಅಂತ ನನ್ನ ಮೊಮ್ಮಗನಿಗೆ ಹೇಳಿದ್ರೆ ನಂಬಲ್ಲ. ದಯವಿಟ್ಟು ಬರೆಯಿರಿ. (ನಿವೃತ್ತ ಶಿಕ್ಷಕರು, ವಿರಾಜಪೇಟೆ)

ನೀವು ಹೇಳಿದ್ದು ನಿಜ ಮಾಷ್ಟ್ರೇ. 1952ರ ಮೊದಲ ಚುನಾವಣೇಲಿ ಕೊಡಗು ಪ್ರತ್ಯೇಕ ರಾಜ್ಯ, ಲೋಕಸಭೆಗೆ ನಮ್ಮದೇ ಒಂದು ಸೀಟು, ಎನ್. ಸೋಮಣ್ಣ ಗೆದ್ದಿದ್ರು. ಆಗ ನಮ್ಮ ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. 1956 ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದ್ವಿ, ಆಮೇಲೆ ಮಂಗಳೂರು ಲೋಕಸಭಾ ಕ್ಷೇತ್ರದ ಜೊತೆ ಇದ್ವಿ. ಅದೇ ಪೂಣಚ್ಚನವರು 1967ರಲ್ಲಿ ಮಂಗಳೂರಿಂದ ಗೆದ್ದು ಕೇಂದ್ರದ ರೈಲ್ವೆ ಮಂತ್ರಿ ಆಗಿದ್ರು. ರೈಲೇ ಇಲ್ಲದ ಜಿಲ್ಲೆಯವರು ರೈಲ್ವೆ ಮಂತ್ರಿ! ಇವತ್ತಿಗೂ ಕೊಡಗಿಗೆ ರೈಲು ಬಂದಿಲ್ಲ, ಕುಶಾಲನಗರದ ತನಕ ಲೈನ್ ಹಾಕಿಸ್ತೀವಿ ಅನ್ನೋ ಮಾತು ಮಾತ್ರ ಪ್ರತಿ ಚುನಾವಣೇಲೂ ಬರತ್ತೆ.

ಕ್ಷೇತ್ರ ಪುನರ್ವಿಂಗಡಣೆ ಆದ ಮೇಲೆ 2009ರಿಂದ ನಾವು ಮೈಸೂರು ಜೊತೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಅಂತ ಮೂರಿದ್ದ ಅಸೆಂಬ್ಲಿ ಸೀಟು ಎರಡಾಯ್ತು. ಲೋಕಸಭೆಯ ಎಂಟು ಅಸೆಂಬ್ಲಿ ಕ್ಷೇತ್ರದಲ್ಲಿ ಎರಡು ನಮ್ಮದು, ಉಳಿದ ಆರು ಮೈಸೂರು ನಗರ, ಹುಣಸೂರು, ಪಿರಿಯಾಪಟ್ಟಣದ ಕಡೆ. ಅಭ್ಯರ್ಥಿಯ ದಿನಚರಿ ಅರ್ಥ ಆಗ್ಬೇಕಾದ್ರೆ ಈ ಎಂಟು ಮತ್ತು ಎರಡು ಗೊತ್ತಿರ್ಬೇಕು. ಮೈಸೂರಲ್ಲಿ ಒಂದು ಬಡಾವಣೆ ಬೆಳಿಗ್ಗೆ ಸುತ್ತಿದ್ರೆ ಸಿಗೋಷ್ಟು ಮತದಾರರು, ನಮ್ಮಲ್ಲಿ ಭಾಗಮಂಡಲ ಹೋಬಳಿ ಇಡೀ ದಿನ ಸುತ್ತಿದ್ರೂ ಸಿಗಲ್ಲ. ಅದಕ್ಕೇ ಇಪ್ಪತ್ತು ದಿನದ ಪ್ರಚಾರದಲ್ಲಿ ಕೊಡಗಿಗೆ ಐದು ದಿನ ಇಟ್ಕೊಡಿ ಅಂತ ನಾನು ಜಗಳ ಆಡ್ಬೇಕಾಗ್ತಿತ್ತು, ಮೂರು ಸಾಕು ಅಂತ ಅವರು, ಕೊನೆಗೆ ನಾಲ್ಕಕ್ಕೆ ನಿಲ್ತಿತ್ತು. ನಾಲ್ಕು ದಿನ, ದಿನಕ್ಕೆ ಹತ್ತು ಊರು, ಊರಿಗೆ ಇಪ್ಪತ್ತು ನಿಮಿಷ.

ನನ್ನ ತಮ್ಮ ಪಕ್ಷೇತರನಾಗಿ ನಿಲ್ತೀನಿ ಅಂತ ಕೂತಿದ್ದಾನೆ. ಏನೇನ್ ಬೇಕು? (ಸೋಮವಾರಪೇಟೆ)

25 ವರ್ಷ ತುಂಬಿರ್ಬೇಕು, ದೇಶದ ಯಾವುದಾದ್ರೂ ಒಂದು ಕ್ಷೇತ್ರದ ಮತದಾರರ ಪಟ್ಟೀಲಿ ಹೆಸರಿರ್ಬೇಕು. ಠೇವಣಿ 25,000 ರೂಪಾಯಿ, ಎಸ್‌ಸಿ ಎಸ್‌ಟಿ ಆದ್ರೆ 12,500. ಮಾನ್ಯತೆ ಇರೋ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಇದೇ ಕ್ಷೇತ್ರದ ಹತ್ತು ಮತದಾರರು ಸಹಿ ಹಾಕ್ಬೇಕು. ಆಸ್ತಿ, ಸಾಲ, ಕೇಸು ಎಲ್ಲಾ ನಮೂನೆ 26ರ ಅಫಿಡವಿಟ್‌ನಲ್ಲಿ ಬರೀಬೇಕು, ಒಂದು ಕಾಲಮ್ಮೂ ಖಾಲಿ ಬಿಡೋ ಹಾಗಿಲ್ಲ. ನಾಮಪತ್ರ ಸಲ್ಲಿಸೋದು ಮಡಿಕೇರೀಲಿ ಅಲ್ಲ, ಮೈಸೂರಲ್ಲಿ, ಅದನ್ನ ಮರೆತು ಕೊನೇ ದಿನ ಹೊರಟ್ರೆ ಮಧ್ಯಾಹ್ನ ಮೂರು ಗಂಟೆಯೊಳಗೆ ಮುಟ್ಟೋದು ಕಷ್ಟ. ಚಲಾವಣೆಯಾದ ಸರಿಯಾದ ಮತದಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬರದಿದ್ರೆ ಠೇವಣಿ ಹೋಯ್ತು. ಹುಡುಗನ್ನ ಬೈಬೇಡಿ. ಕೊಡಗಿನವನು ಒಬ್ಬ ಹೆಸರು ಕೊಟ್ಟು ನಿಂತ್ರೆ ನಮ್ಮ ಊರಿನ ವಿಷಯ ಕನಿಷ್ಠ ಮೂರು ವಾರ ಮೈಕಲ್ಲಿ ಕೇಳಿಸತ್ತೆ.

ಹಾಕಿ ಗ್ರೌಂಡಿಗೆ ಬಂದು ವೋಟು ಕೇಳ್ತಾರಲ್ಲ, ಸರೀನಾ? (ನಾಪೋಕ್ಲು)

ಕೊಡವ ಮನೆತನಗಳ ಕೌಟುಂಬಿಕ ಹಾಕಿ ನಡೆಯೋದೂ ಏಪ್ರಿಲ್, ಲೋಕಸಭೆ ಚುನಾವಣೆ ಬರೋದೂ ಏಪ್ರಿಲ್, ಏನ್ ಮಾಡೋಕಾಗತ್ತೆ. 2024ರಲ್ಲಿ ನಿಮ್ಮೂರಲ್ಲೇ ಕುಂಡ್ಯೋಳಂಡ ಕಪ್, 360 ತಂಡ, ಅದೇ ಏಪ್ರಿಲ್ 26ಕ್ಕೆ ಇಲ್ಲಿ ಮತದಾನ. ಅಷ್ಟು ಜನ ಒಂದೇ ಕಡೆ ಸಿಗೋವಾಗ ಅಭ್ಯರ್ಥಿ ಬರದೇ ಇರಲ್ಲ. ಬಂದು ಗ್ಯಾಲರೀಲಿ ಕೂತು ಮ್ಯಾಚ್ ನೋಡ್ಲಿ, ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡ್ಲಿ, ಮೈಕ್ ಹಿಡಿಯೋದು ಬೇಡ. ನಾನು ಕರ್ಕೊಂಡು ಹೋದಾಗ ಗೇಟಲ್ಲೇ ಶಾಲು ಬಾವುಟ ತೆಗೆಸಿ ಒಳಗೆ ಬಿಡ್ತಿದ್ರು, ಅದು ಸರಿಯಾದ ಪದ್ಧತಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು ಮನೆತನಗಳು ಒಂದಾಗಲಿ ಅಂತ.

ನಾನು ಪ್ರಚಾರಕ್ಕೆ ಹೋಗ್ಬೇಕು ಅಂತಿದ್ದೀನಿ, ಮನೇಲಿ ಹೆಣ್ಣುಮಕ್ಕಳಿಗೆ ಕಷ್ಟ ಅಂತಾರೆ. (ಸುಂಟಿಕೊಪ್ಪ)

ಹೋಗಮ್ಮ. ಆದ್ರೆ ಮನೆಯವರು ಹೇಳೋದ್ರಲ್ಲಿ ಒಂದು ಮಾತು ನಿಜ, ಇಡೀ ದಿನ ತೋಟದ ರಸ್ತೇಲಿ ಸುತ್ತುವಾಗ ಶೌಚಾಲಯ ಇರಲ್ಲ. ನಮ್ಮ ಜೊತೆ ಬಂದ ಹೆಣ್ಣುಮಕ್ಕಳು ಏಪ್ರಿಲ್ ಬಿಸಿಲಲ್ಲಿ ನೀರೇ ಕುಡೀತಿರ್ಲಿಲ್ಲ, ಒಬ್ಬಳು ತಲೆ ಸುತ್ತಿ ಬಿದ್ದ ಮೇಲೆ ನಮಗೆ ಬುದ್ಧಿ ಬಂತು, ತುಂಬಾ ತಡವಾಗಿ ಬಂತು. ಆಮೇಲೆ ಪ್ರತಿ ಎರಡು ಗಂಟೆಗೆ ಒಂದು ಗುರುತಿನ ಮನೆ ಅಂತ ಪ್ರೋಗ್ರಾಮಲ್ಲೇ ಬರೀತಿದ್ವಿ. ನೀನೂ ಹೊರಡೋ ಮುಂಚೆ ಅದನ್ನೇ ಕೇಳು, ನಾಚ್ಕೋಬೇಡ.

ಎಲೆಕ್ಷನ್ ಅಂದ ತಕ್ಷಣ ಕೋವಿ ಠಾಣೇಲಿಡಿ ಅಂತಾರೆ. ಅಭ್ಯರ್ಥಿಗೆ ಹೇಳಿದ್ರೆ ಆಗತ್ತಾ? (ಕಾಫಿ ಬೆಳೆಗಾರರು, ಅಮ್ಮತ್ತಿ)

ಅಭ್ಯರ್ಥಿ ಕೈಲಿಲ್ಲ. ಜಿಲ್ಲಾ ಮಟ್ಟದ ಸ್ಕ್ರೀನಿಂಗ್ ಕಮಿಟಿ ತೀರ್ಮಾನ ಮಾಡೋದು. ತೋಟಕ್ಕೆ ಕಾಡುಪ್ರಾಣಿ ಕಾಟ ಇದೆ ಅಂತ ಕಾರಣ ಬರೆದು ವಿನಾಯಿತಿಗೆ ಬೇಗ ಅರ್ಜಿ ಕೊಡಿ.

ನಮ್ಮ ಹಾಡಿಗೆ ಯಾವ ಅಭ್ಯರ್ಥೀನೂ ಬರಲ್ಲ ಅಣ್ಣ. ಅವರ ಕಡೆಯವರು ಬಂದು ಒಬ್ಬ ಯಜಮಾನನ ಹತ್ರ ಮಾತಾಡಿ ಹೋಗ್ತಾರೆ. ನಾವು ವೋಟರ್ ಅಲ್ವಾ? (ತಿತಿಮತಿ ಹತ್ತಿರದ ಒಂದು ಆದಿವಾಸಿ ಹಾಡಿಯ ಯುವಕ)

ನಿನ್ನ ಕಾಗದ ಎರಡು ಸಲ ಓದಿದೆ ತಮ್ಮ. ತಪ್ಪು ನಮ್ಮದೇ, ಪ್ರೋಗ್ರಾಮ್ ಹಾಕೋರದ್ದು. ಇಪ್ಪತ್ತು ನಿಮಿಷದ ಲೆಕ್ಕದಲ್ಲಿ, ಜೀಪ್ ನಿಲ್ಲಿಸಿ ಅರ್ಧ ಗಂಟೆ ನಡೀಬೇಕಾದ ಜಾಗ ಮೊದಲು ಕಟ್ ಆಗತ್ತೆ, ನಾನೂ ಕಟ್ ಮಾಡಿದ್ದೀನಿ. ಯಜಮಾನ್ರ ಹತ್ರ ಹೇಳಿದ್ರೆ ಇಡೀ ಹಾಡಿಗೆ ಹೇಳಿದ ಹಾಗೆ ಅಂತ ನಾವೇ ಅಂದ್ಕೊಂಡ್ವಿ. 2016ರ ಡಿಸೆಂಬರಲ್ಲಿ ದಿಡ್ಡಳ್ಳೀಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ಆ ಜನ ತಾವೇ ಎದ್ದು ನಿಂತು ಮಾತಾಡಿದ್ರು, ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಡ್ಲೇಬೇಕಾಯ್ತು. ಅದಾದ ಮೇಲೆ 2019ರಲ್ಲಿ ನಾನು ಎರಡು ಹಾಡಿ ಪ್ರೋಗ್ರಾಮಿಗೆ ಸೇರಿಸಿದೆ, ಎರಡೇ, ಜಾಸ್ತಿ ಅಂತ ಹೇಳ್ಕೊಳ್ಳೋಕಾಗಲ್ಲ. ಅಲ್ಲಿ ಅಭ್ಯರ್ಥಿ ಭಾಷಣ ಮಾಡಲಿಲ್ಲ, ಮಾವಿನ ಮರದ ಕೆಳಗೆ ಕೂತ್ರು, ನಿನ್ನ ವಯಸ್ಸಿನ ಹುಡುಗರು ಅರಣ್ಯ ಹಕ್ಕು ಕಾಯ್ದೆ, ಅದೇ 2006ರದ್ದು, ಅದರ ಅರ್ಜಿ ನಂಬರ್ ಸಮೇತ ಕೇಳಿದ್ರು, ಮೂರು ಅರ್ಜಿ ಯಾಕೆ ತಿರಸ್ಕಾರ ಆಯ್ತು ಅಂತ. ಅವತ್ತು ಉತ್ತರ ಹೇಳೋಕಾಗದೆ ಅಭ್ಯರ್ಥಿ ತಲೆ ತಗ್ಗಿಸಿದ್ರು. ಆ ಹುಡುಗರ ಹಾಗೆ ನೀವೂ ನಂಬರ್ ಬರೆದಿಟ್ಕೊಳ್ಳಿ. ಪಕ್ಷದ ಆಫೀಸಿಗೆ ಹೋಗಿ ನಮ್ಮ ಹಾಡೀಲಿ ಇಷ್ಟು ವೋಟಿದೆ, ಇಂಥಾ ದಿನ ಬನ್ನಿ ಅಂತ ಎಲ್ಲಾ ಪಕ್ಷಕ್ಕೂ ಒಂದೇ ಕಾಗದ ಕೊಡಿ.

ಲೈನ್‌ಮನೇಲಿರೋ ಅಸ್ಸಾಂ ಕೆಲಸದವರ ಹತ್ರಾನೂ ಹೋಗಿ ಕೈ ಮುಗೀತಾರೆ, ಅವರಿಗೆ ಇಲ್ಲಿ ವೋಟಿದ್ಯಾ? (ಪಾಲಿಬೆಟ್ಟ)

ಹೆಚ್ಚಿನವರಿಗೆ ಅವರ ಊರಲ್ಲೇ ಇರತ್ತೆ. ಆದ್ರೂ ಕೈ ಮುಗಿಯೋದ್ರಲ್ಲಿ ತಪ್ಪೇನಿಲ್ಲ, ನಮ್ಮ ಕಾಫಿ ಕೊಯ್ಯೋದು ಅವರೇ.

ಅಭ್ಯರ್ಥಿ ಬಂದಾಗ ನಮ್ಮ ಬೀದಿ ಚರಂಡಿ ಬಗ್ಗೆ ಕೇಳಿದೆ, ಮಾಡಿಸ್ತೀನಿ ಅಂದ್ರು. ಎಂಪಿ ಹತ್ರ ಏನು ಕೇಳ್ಬೇಕು ನಿಜವಾಗ್ಲೂ? ಮತ್ತೆ ಆ ಡೈರೀಲಿ ಬರ್ಕೊಂಡಿದ್ದು ಏನಾಗತ್ತೆ? (ಮಡಿಕೇರಿ)

ಚರಂಡಿ ನಗರಸಭೆಯದ್ದು. ಎಂಪಿ ನಿಧಿ ವರ್ಷಕ್ಕೆ 5 ಕೋಟಿ, ಎಂಟು ಅಸೆಂಬ್ಲಿ ಕ್ಷೇತ್ರಕ್ಕೆ ಹಂಚಿದ್ರೆ ಎಷ್ಟು ಬರತ್ತೆ ನೀವೇ ಲೆಕ್ಕ ಹಾಕಿ. ಎಂಪಿ ಹತ್ರ ಕೇಳೋದು ಬೇರೆ ಇದೆ. ಕಾಫಿ ಬೋರ್ಡ್ ಕೇಂದ್ರದ್ದು, ಮೆಣಸು ಆಮದು ಕೇಂದ್ರದ್ದು, ಮೈಸೂರು–ಮಡಿಕೇರಿ–ಮಂಗಳೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 275, 2018ರ ಆಗಸ್ಟಲ್ಲಿ ಜೋಡುಪಾಲದ ಹತ್ರ ಗುಡ್ಡ ಕುಸಿದು ಇದೇ ರಸ್ತೆ ಬಂದ್ ಆಗಿದ್ದು, ಕರಿಕೆ ಕಡೆ ಫೋನ್ ಸಿಗ್ನಲ್, ಪೋಸ್ಟಾಫೀಸು, ರೈಲು. ಒಂದು ಹಾಳೇಲಿ ಒಂದೇ ವಿಷಯ ಬರೀರಿ, ಊರಿನ ಹೆಸರು, ಫೋನ್ ನಂಬರ್ ಹಾಕಿ, ಅದನ್ನ ಅಭ್ಯರ್ಥಿ ಕೈಗೆ ಕೊಡಬೇಡಿ, ಅವರ ಕೈಲಿ ಹಾರ ಇರತ್ತೆ, ಹಾಳೆ ಕೆಳಗೆ ಬೀಳತ್ತೆ. ಪಕ್ಕದಲ್ಲಿ ಡೈರಿ ಹಿಡ್ಕೊಂಡು ಒಬ್ರು ಇರ್ತಾರೆ, ಅವರಿಗೆ ಕೊಟ್ಟು ಬರ್ಕೊಂಡ್ರಾ ಅಂತ ನೋಡಿ.

ಡೈರಿ ವಿಷಯ. 2014ರಲ್ಲಿ ಲೈನ್‌ಮನೆ ನಲ್ಲಿ ವಿಷಯ ಬರ್ಕೊಂಡಿದ್ನಲ್ಲ, ಆ ಸಲ ನಮ್ಮ ಅಭ್ಯರ್ಥಿ ಸೋತ್ರು, ಡೈರಿ ನನ್ನ ಹತ್ರಾನೇ ಉಳೀತು. ನಾಲ್ಕೈದು ತಿಂಗಳಾದ ಮೇಲೆ ಆ ನಲ್ಲಿ ಪುಟ ಕಣ್ಣಿಗೆ ಬಿತ್ತು, ಮನಸ್ಸಿಗೆ ಕಸಿವಿಸಿ ಆಗಿ ಪಂಚಾಯ್ತಿಗೆ ಹೋದೆ. ತೋಟದ ಒಳಗಿನದ್ದು ನಮ್ಮದಲ್ಲ ಅಂದ್ರು. ಲೇಬರ್ ಆಫೀಸಲ್ಲಿ ಕೇಳಿದಾಗ ಗೊತ್ತಾಯ್ತು, ತೋಟ 5 ಹೆಕ್ಟೇರ್ ಅಥವಾ ಜಾಸ್ತಿ ಇದ್ದು, ಕೆಲಸದವರು 15 ಜನ ಅಥವಾ ಜಾಸ್ತಿ ಇದ್ರೆ, ಕುಡಿಯೋ ನೀರು ಮಾಲೀಕರೇ ಕೊಡಬೇಕು ಅಂತ 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆಯಲ್ಲೇ ಇತ್ತು, ಸಂಸತ್ತೇ ಮಾಡಿದ ಕಾಯ್ದೆ. ಅಷ್ಟು ದಿನ ನಾನು ಅದನ್ನ ಪಂಚಾಯ್ತಿ ವಿಷಯ ಅಂದ್ಕೊಂಡಿದ್ದೆ, ಲೋಕಸಭೆಗೆ ನಿಂತೋರಿಗೆ ಆ ಹೆಂಗಸು ಕೇಳಿದ್ದು ಸರಿಯಾದ ಪ್ರಶ್ನೇನೇ ಆಗಿತ್ತು. ಇನ್‌ಸ್ಪೆಕ್ಟರ್‌ಗೆ ಅರ್ಜಿ ಕೊಟ್ಟೆ, ತೋಟದವರ ಹತ್ರಾನೂ ಎರಡು ಸಲ ಹೋಗಿ ಕೂತು ಮಾತಾಡ್ದೆ. ಮುಂದಿನ ಬೇಸಿಗೇಲಿ ಹೋದಾಗ ನಲ್ಲೀಲಿ ಬೆಳಿಗ್ಗೆ ಆರರಿಂದ ಏಳರ ತನಕ ನೀರು ಬರ್ತಿತ್ತು, ಕೊಡ ಸಾಲಾಗಿ ಇಟ್ಟಿದ್ರು. ಅವರನ್ನ ಹುಡುಕ್ದೆ, ಆ ಹೊತ್ತಿಗೆ ಅವರು ಬೇರೆ ತೋಟಕ್ಕೆ ಹೋಗಿಯಾಗಿತ್ತು.